ಲೆಕ್ಕಕ್ಕೆ ಬಾರದ ಚೆಂಡುಗಳು

ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಒಬ್ಬ ಕ್ರಿಕೆಟ್ ಅಭಿಮಾನಿಯನ್ನು ಕಲ್ಪಿಸಿಕೊಳ್ಳಿ. ಬೆಳಗಿನ ಹರಾಜು ಮುಗಿದ ಮೇಲೆ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತರೆ ಅವರ ಬಾಯಲ್ಲಿ ಬೇರೆ ಮಾತಿಲ್ಲ. ಯಾವ ಬೌಲರ್ ಯಾವ ಊರಿನಲ್ಲಿ ಎಷ್ಟು ವಿಕೆಟ್ ಪಡೆದ, ಎಷ್ಟು ರನ್ ಕೊಟ್ಟ ಎಂಬುದೆಲ್ಲ ಅವರಿಗೆ ಕಂಠಪಾಠ. 2025ರ ಜುಲೈನಲ್ಲಿ ಬರ್ಮಿಂಗ್‌ಹ್ಯಾಂ ಟೆಸ್ಟ್ ನಡೆಯುತ್ತಿದ್ದಾಗ ಬೆಂಗಳೂರಿನ ಹುಡುಗ ಪ್ರಸಿದ್ಧ್ ಕೃಷ್ಣ ಅವರ ಒಂದೇ ಓವರ್‌ನಲ್ಲಿ ಇಂಗ್ಲೆಂಡಿನ ಜೇಮಿ ಸ್ಮಿತ್ 23 ರನ್ ಚಚ್ಚಿದರು. ಅಂದು ನಮ್ಮ ಅಭಿಮಾನಿ ತೀರ್ಪು ಕೊಟ್ಟೇಬಿಟ್ಟರು: 'ಇವನ ಕಥೆ ಮುಗೀತು ಬಿಡ್ರಿ. ಬೆನ್ನು ಮುರ್ಕೊಂಡೋನು ಮತ್ತೆ ಬೌಲರ್ ಆಗ್ತಾನಾ?'

ಇಂಥ ತೀರ್ಪು ಕೇಳಿಬರದ ಟೀ ಅಂಗಡಿ ನಮ್ಮಲ್ಲಿಲ್ಲ. ಅದನ್ನು ತಮಾಷೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಇದೇ ಅಭಿಮಾನಿಗೆ ಹದಿನಾಲ್ಕು ವರ್ಷದ ಮಗನಿದ್ದಾನೆ, ಅವನೂ ವೇಗದ ಬೌಲರ್ ಎಂದಿಟ್ಟುಕೊಳ್ಳೋಣ. ಒಂದು ರಾತ್ರಿ ಹುಡುಗ ಊಟದ ತಟ್ಟೆಯ ಮುಂದೆ ಕೂರಲಾರದೆ, 'ಅಪ್ಪಾ, ಸೊಂಟ ಒಂದೇ ಕಡೆ ನೋಯ್ತದೆ' ಎನ್ನುತ್ತಾನೆ. 'ಅದೆಲ್ಲಾ ಏನೂ ಇಲ್ಲ, ಎಣ್ಣೆ ಹಚ್ಚಿಸ್ಕೊಂಡು ಮಲಕ್ಕೋ, ಭಾನುವಾರ ಮ್ಯಾಚ್ ಐತೆ' ಎಂದು ಅಪ್ಪ ಹೇಳುತ್ತಾರೆ. ಟೀ ಅಂಗಡಿಯ ಮಾತಿಗೂ ಮನೆಯ ಈ ಮಾತಿಗೂ ಮೂಲ ಒಂದೇ. ಬೌಲರ್‌ನ ವಿಕೆಟ್ಟನ್ನು ಎಲ್ಲರೂ ಎಣಿಸುತ್ತಾರೆ. ಅವನ ದೇಹ ಎಸೆದ ಚೆಂಡುಗಳನ್ನು ಯಾರೂ ಎಣಿಸುವುದಿಲ್ಲ.

ಒಂದು ಎಸೆತದ ತೂಕ

ವೇಗದ ಬೌಲರ್ ಓಡಿಬಂದು ಮುಂಗಾಲನ್ನು ನೆಲಕ್ಕೆ ಊರುವ ಕ್ಷಣವನ್ನು ಗಮನಿಸಿ. ಓಟದ ವೇಗವೆಲ್ಲ ಆ ಒಂದು ಕಾಲಿನ ಮೇಲೆ ನಿಲ್ಲಬೇಕು. ಆಗ ನೆಲವು ಕಾಲನ್ನು ತನ್ನಷ್ಟೇ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಮೈದಾನದಲ್ಲೂ ತಪ್ಪುವುದಿಲ್ಲ. ಈ ಬಲ ದೇಹತೂಕದ ಐದಾರು ಪಟ್ಟು ಇರುತ್ತದೆಂದು ಅಳೆದು ನೋಡಿದ್ದಾರೆ. ಹುಡುಗನ ತೂಕ 50 ಕೆ.ಜಿ. ಎಂದರೆ, ಕಡಿಮೆ ಲೆಕ್ಕ ಹಿಡಿದರೂ 250 ಕೆ.ಜಿ. ಭಾರ. ಮಂಡಿಯ ಭಾಷೆಯಲ್ಲಿ ಹೇಳುವುದಾದರೆ, 15 ಕೆ.ಜಿ.ಯ ಹದಿನಾರು ಹದಿನೇಳು ಟೊಮೆಟೊ ಬಾಕ್ಸುಗಳು! ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಇರುವ ಭಾರವಾದರೂ ಪ್ರತಿ ಎಸೆತಕ್ಕೂ ಅದು ಮರುಕಳಿಸುತ್ತದೆ.

ಇಷ್ಟು ಸಾಲದೆಂಬಂತೆ ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗುತ್ತದೆ, ಪಕ್ಕಕ್ಕೆ ವಾಲುತ್ತದೆ, ತಿರುಚಿಕೊಳ್ಳುತ್ತದೆ. ಸೊಂಟದ ಕಶೇರುಮಣಿಗಳ ಹಿಂಭಾಗದಲ್ಲಿರುವ ತೆಳುವಾದ ಮೂಳೆಯ ಸೇತುವೆ ಈ ಹೊಡೆತವನ್ನು ತಾಳಿಕೊಳ್ಳಬೇಕು. ಬಲಗೈ ಬೌಲರ್‌ಗಳಲ್ಲಿ ಹೆಚ್ಚಾಗಿ ಎಡಭಾಗದ ಸೇತುವೆಯೇ ಬಿರುಕು ಬಿಡುವುದು ಇದೇ ಕಾರಣಕ್ಕೆ. ವೈದ್ಯರು ಇದನ್ನು 'ಸ್ಟ್ರೆಸ್ ಫ್ರಾಕ್ಚರ್' ಎನ್ನುತ್ತಾರೆ.

ಒಂದು ಕಬ್ಬಿಣದ ತಂತಿಯನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಅದು ತುಂಡಾಗುತ್ತದೆ ಎಂಬುದು ಮಕ್ಕಳಿಗೆ ಗೊತ್ತು. ಮೂಳೆಯೂ ಹಾಗೆಯೇ ದಣಿಯುತ್ತದೆ. ಆದರೆ ತಂತಿಗಿಲ್ಲದ ಒಂದು ವರ ಮೂಳೆಗಿದೆ. ಅದು ಜೀವಂತ ವಸ್ತು. ವಿಶ್ರಾಂತಿ ಸಿಕ್ಕರೆ ತನ್ನ ಸಣ್ಣ ಬಿರುಕುಗಳನ್ನು ತಾನೇ ಮುಚ್ಚಿಕೊಂಡು ಮೊದಲಿಗಿಂತ ಗಟ್ಟಿಯಾಗುತ್ತದೆ. ವಿಶ್ರಾಂತಿ ಸಿಗದಿದ್ದರೆ ಬಿರುಕು ಬೆಳೆಯುತ್ತದೆ. ವ್ಯಾಯಾಮದಿಂದ ಸ್ನಾಯು ಕೆಲವೇ ವಾರಗಳಲ್ಲಿ ಬಲಿತರೂ ಮೂಳೆ ಬಲಿಯಲು ಹೆಚ್ಚು ಕಾಲ ಬೇಕು. ಬೇಗ ಎತ್ತರ ಬೆಳೆದು, ಬೇಗ ವೇಗ ಪಡೆದ ಹುಡುಗರೇ ಹೆಚ್ಚು ಅಪಾಯದಲ್ಲಿರುವುದು ಈ ಅಂತರದಿಂದಾಗಿ.

ಮರಳಿ ಬಂದವರು

ಗಾಯಗೊಂಡ ಬೌಲರ್‌ನ ಕಥೆ ಮುಗಿಯಿತೆನ್ನುವ ಅಭಿಮಾನಿಗೆ ಕರ್ನಾಟಕದ ಕ್ರಿಕೆಟ್ ಇತಿಹಾಸವೇ ಉತ್ತರ ಕೊಡುತ್ತದೆ.

ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲೇ ಪೋಲಿಯೊದಿಂದ ಬಡವಾಯಿತು. ಆ ಕೈಯಿಂದಲೇ ಅವರು 1964ರಲ್ಲಿ ಟೆಸ್ಟ್ ಆಡಿದರು. 1968ರ ಆರಂಭದ ಆಸ್ಟ್ರೇಲಿಯಾ ಪ್ರವಾಸದ ನಂತರ ಗಾಯ, ಸ್ಕೂಟರ್ ಅಪಘಾತಗಳ ನಡುವೆ ಮೂರು ವರ್ಷಕ್ಕೂ ಹೆಚ್ಚು ಕಾಲ ಅವರಿಗೆ ಟೆಸ್ಟ್ ಕ್ರಿಕೆಟ್ ಇರಲಿಲ್ಲ. 1971ರಲ್ಲಿ ಇಂಗ್ಲೆಂಡಿಗೆ ಹೋದರು. ಆಗಸ್ಟ್‌ನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101 ರನ್ನಿಗೆ ಕಟ್ಟಿಹಾಕಿದರು. ಇಂಗ್ಲೆಂಡ್ ನೆಲದಲ್ಲಿ ಭಾರತ ಮೊದಲ ಬಾರಿಗೆ ಸರಣಿ ಗೆದ್ದದ್ದು ಅಂದು.

ಮೈಸೂರಿನವರೇ ಆದ ಜಾವಗಲ್ ಶ್ರೀನಾಥ್ ಇಂಜಿನಿಯರಿಂಗ್ ಓದಿದವರು. 1997ರಲ್ಲಿ ಅವರ ಭುಜದ 'ರೊಟೇಟರ್ ಕಫ್' ಕೈಕೊಟ್ಟಿತು. ತೋಳಿನ ಮೂಳೆಯ ಗೋಲಿಯಂಥ ತುದಿ, ಭುಜದ ಆಳವಿಲ್ಲದ ಬಟ್ಟಲಿನಲ್ಲಿ ಕುಳಿತಿರುತ್ತದೆ. ಅದು ಜಾರದಂತೆ ಸುತ್ತ ಹಿಡಿದಿರುವುದು ನಾಲ್ಕು ಸ್ನಾಯುಗಳು. ಚೆಂಡು ಬಿಟ್ಟ ಮೇಲೆ ರಭಸದಿಂದ ಹೋಗುವ ತೋಳಿಗೆ ಬ್ರೇಕು ಹಾಕುವುದೂ ಅವೇ. ಶ್ರೀನಾಥ್ ಆ ವರ್ಷದ ಹೆಚ್ಚಿನ ಭಾಗ ಆಡಲಾಗಲಿಲ್ಲ. ಆದರೆ 1999ರ ಫೆಬ್ರುವರಿಯಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಪಡೆದರು. 2003ರ ವಿಶ್ವಕಪ್ ಫೈನಲ್‌ವರೆಗೂ ತಂಡದಲ್ಲಿದ್ದರು.

ಅನಿಲ್ ಕುಂಬ್ಳೆ 2001ರ ಆರಂಭದಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅದೇ ಸಮಯದಲ್ಲಿ ಹರ್ಭಜನ್ ಸಿಂಗ್ ಆಸ್ಟ್ರೇಲಿಯಾ ವಿರುದ್ಧ 32 ವಿಕೆಟ್ ಪಡೆದಾಗ, ಕುಂಬ್ಳೆ ಇನ್ನು ಬೇಡ ಎಂದವರು ಕಡಿಮೆಯೇನಲ್ಲ. ಅವರ ಒಟ್ಟು 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಶಸ್ತ್ರಚಿಕಿತ್ಸೆಯ ನಂತರ.

ಇಲ್ಲಿ ಮಕ್ಕಳಿಗೆ ಒಂದು ಎಚ್ಚರಿಕೆಯ ಮಾತು ಅಗತ್ಯ. 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದರೂ ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಕುಂಬ್ಳೆ 14 ಓವರ್ ಎಸೆದರು, ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದರು. ಆ ಚಿತ್ರ ಯಾರೂ ಮರೆಯುವಂಥದ್ದಲ್ಲ. ಆದರೆ ನೋವು ನುಂಗಿ ಆಡುವುದೇ ಶೌರ್ಯ ಎಂಬ ಪಾಠವನ್ನು ಅದರಿಂದ ಕಲಿಯಬಾರದು. ದವಡೆ ಚೆಂಡೆಸೆಯುವ ಅಂಗವಲ್ಲ. ಅವರು ಬೆಳೆದ ಆಳು. ಅಪಾಯವೇನೆಂದು ತಿಳಿದೇ ನಿರ್ಧರಿಸಿದ್ದರು. ಆನಂತರ ಚಿಕಿತ್ಸೆಗೆಂದು ಬೆಂಗಳೂರಿಗೆ ಮರಳಿದರು. ಅದೇ ಕುಂಬ್ಳೆ ತಮ್ಮ ಭುಜ ನೊಂದಾಗ ತಿಂಗಳುಗಟ್ಟಲೆ ಆಟ ಬಿಟ್ಟು ಕಾದಿದ್ದರು. ಮಕ್ಕಳು ಅನುಸರಿಸಬೇಕಾದದ್ದು ಆ ಕಾಯುವಿಕೆಯನ್ನು.

ಸೋಲು ಯಾವುದು, ನೋವು ಯಾವುದು?

ಬೌಲರ್ ಒಬ್ಬ ಹಠಾತ್ತನೆ ಮಂಕಾದರೆ ಅದಕ್ಕೆ ಎರಡು ಕಾರಣಗಳಿರಬಹುದು. ಲಯ ತಪ್ಪಿರಬಹುದು, ಅದು ಯಾರಿಗಾದರೂ ಆಗುವಂಥದ್ದು. ಅಥವಾ ದೇಹದ ಒಂದು ಭಾಗ ನೋಯುತ್ತಿರಬಹುದು. ನೋಯುವ ಜಾಗವನ್ನು ಉಳಿಸಿಕೊಳ್ಳಲು ದೇಹ ಬೌಲಿಂಗ್ ಶೈಲಿಯನ್ನೇ ಗೊತ್ತಾಗದಂತೆ ಬದಲಿಸುತ್ತದೆ. ವೇಗ ಇಳಿಯುತ್ತದೆ, ಚೆಂಡು ಲೆಗ್ ಸ್ಟಂಪಿನ ಆಚೆಗೆ ಹೋಗುತ್ತದೆ, ನೋ ಬಾಲ್ ಹೆಚ್ಚುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ. 'ಮನಸ್ಸಿಟ್ಟು ಹಾಕ್ತಿಲ್ಲ' ಎಂದು ಬೈಯುವುದು ಸುಲಭ, 'ಎಲ್ಲಿ ನೋಯ್ತದೆ?' ಎಂದು ಕೇಳುವವರು ವಿರಳ.

ಪ್ರಸಿದ್ಧ್ ಕೃಷ್ಣ ಅವರ ಕಥೆಯ ಉಳಿದ ಭಾಗ ನಮ್ಮ ಮಂಡಿಯ ಅಭಿಮಾನಿಗೆ ಉಪಯೋಗಕ್ಕೆ ಬಂದೀತು. ಸೊಂಟದ ಮೂಳೆಯ ಬಿರುಕಿನಿಂದಾಗಿ ಅವರು 2023ರ ಐಪಿಎಲ್ ಆಡಲಿಲ್ಲ. ತೊಡೆಯ ಸ್ನಾಯುವಿನ ಶಸ್ತ್ರಚಿಕಿತ್ಸೆಯಿಂದಾಗಿ 2024ರದ್ದೂ ತಪ್ಪಿತು. 2025ರಲ್ಲಿ ಮರಳಿ 25 ವಿಕೆಟ್ ಪಡೆದು ಆ ಟೂರ್ನಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತರು. ಬರ್ಮಿಂಗ್‌ಹ್ಯಾಂನ ಪೆಟ್ಟಿನ ನಂತರ ಎರಡು ಟೆಸ್ಟುಗಳಲ್ಲಿ ಹೊರಗೆ ಕುಳಿತರು. ಕೊನೆಯ ಟೆಸ್ಟಿಗೆ ಮತ್ತೆ ಕರೆಬಂತು. ಎರಡೂ ಇನ್ನಿಂಗ್ಸ್‌ಗಳಲ್ಲಿ ನಾಲ್ಕು ನಾಲ್ಕು ವಿಕೆಟ್ ಪಡೆದರು. ಆಗಸ್ಟ್ 4ರಂದು ಭಾರತ 6 ರನ್ನುಗಳಿಂದ ಗೆದ್ದು ಸರಣಿ ಸಮ ಮಾಡಿಕೊಂಡಿತು. ಆ ಮೈದಾನ ಯಾವುದು ಗೊತ್ತೆ? 54 ವರ್ಷಗಳ ಹಿಂದೆ ಚಂದ್ರಶೇಖರ್ ಗೆಲ್ಲಿಸಿಕೊಟ್ಟ ಅದೇ ಓವಲ್.

ಅಮೆರಿಕದ ಎಣಿಕೆ

ಅಮೆರಿಕದ ಜನಪ್ರಿಯ ಆಟ ಬೇಸ್‌ಬಾಲ್. ಅಲ್ಲಿ ಚೆಂಡೆಸೆಯುವವನನ್ನು 'ಪಿಚರ್' ಎನ್ನುತ್ತಾರೆ. ಅವನು ಓಡಿಬರುವುದಿಲ್ಲ, ನಿಂತಲ್ಲಿಂದಲೇ ಮೊಣಕೈ ಮಡಚಿ ಬಿರುಸಾಗಿ ಎಸೆಯುತ್ತಾನೆ. ಹೀಗಾಗಿ ನಮ್ಮ ಬೌಲರ್‌ಗೆ ಬೆನ್ನು ನೊಂದರೆ ಅವನಿಗೆ ಮೊಣಕೈ ನೋಯುತ್ತದೆ. 1974ರಲ್ಲಿ ಟಾಮಿ ಜಾನ್ ಎಂಬ ಪಿಚರ್‌ನ ಮೊಣಕೈ ಒಳಗಿನ ಅಸ್ಥಿರಜ್ಜು ಹರಿಯಿತು. ಡಾ. ಫ್ರಾಂಕ್ ಜೋಬ್ ಅವನ ಇನ್ನೊಂದು ಕೈಯಿಂದ ತೆಗೆದ ಸ್ನಾಯುರಜ್ಜುವನ್ನು ಅಲ್ಲಿ ಕೂರಿಸಿದರು. 1975ರಲ್ಲಿ ಟಾಮಿ ಜಾನ್ ಒಂದೂ ಪಂದ್ಯ ಆಡಲಿಲ್ಲ. 1976ರಲ್ಲಿ ಮರಳಿದವರು 1989ರವರೆಗೂ ಆಡಿ, ಆ ಶಸ್ತ್ರಚಿಕಿತ್ಸೆಯ ನಂತರವೇ 164 ಗೆಲುವು ಸಂಪಾದಿಸಿದರು. ಇಂದಿಗೂ ಆ ಶಸ್ತ್ರಚಿಕಿತ್ಸೆಗೆ ಅವರದೇ ಹೆಸರು.

ಆದರೆ ಅಲ್ಲಿನವರು ಚಿಕಿತ್ಸೆಯನ್ನಷ್ಟೇ ನಂಬಿ ಕೂರಲಿಲ್ಲ. ಎಣಿಸಲು ಕಲಿತರು. 2014ರಲ್ಲಿ ಮಕ್ಕಳಿಗಾಗಿ ಒಂದು ಮಾರ್ಗಸೂಚಿ ಬಂತು. ಅದರಂತೆ 13-14 ವರ್ಷದವರು ದಿನಕ್ಕೆ 95ಕ್ಕಿಂತ ಹೆಚ್ಚು ಎಸೆತ ಹಾಕುವಂತಿಲ್ಲ. 66 ಅಥವಾ ಹೆಚ್ಚು ಹಾಕಿದರೆ ನಾಲ್ಕು ದಿನ ವಿಶ್ರಾಂತಿ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯೂ ಎಳೆಯ ವೇಗದ ಬೌಲರ್‌ಗಳಿಗೆ ಇಂಥ ಮಿತಿ ಹಾಕಿತು. 13 ವರ್ಷದೊಳಗಿನವರಿಗೆ ಒಮ್ಮೆಗೆ 5 ಓವರ್, ದಿನಕ್ಕೆ 10 ಓವರ್. ವಾರದಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು, ಸತತ ಎರಡು ದಿನಕ್ಕಿಂತ ಹೆಚ್ಚು ಯಾವ ಎಳೆಯನೂ ಎಸೆಯಬಾರದು ಎಂಬುದು ಅದರ ಸಲಹೆ.

ಒಂದು ವಾರದ ಲೆಕ್ಕ

ಈಗ ನಮ್ಮ ಹುಡುಗನ ವಾರವನ್ನು ನೋಡೋಣ. ಮಂಗಳವಾರ, ಗುರುವಾರ ಕೋಲಾರದಲ್ಲೇ ನೆಟ್ ಅಭ್ಯಾಸ: ತಲಾ 60 ಚೆಂಡು. ಶನಿವಾರ ಶಾಲಾ ತಂಡದೊಂದಿಗೆ ಮಾಲೂರಿನಲ್ಲಿ ಪಂದ್ಯ: 8 ಓವರ್, 48 ಚೆಂಡು. ಭಾನುವಾರ ಶ್ರೀನಿವಾಸಪುರದಲ್ಲಿ ಟೆನಿಸ್ ಬಾಲ್ ಟೂರ್ನಿ: ಬೆಳಗ್ಗೆ 4 ಓವರ್, ಮಧ್ಯಾಹ್ನ 4 ಓವರ್. ಸೋಮವಾರ ಹಬ್ಬದ ರಜೆ. ಗೆಳೆಯರ ತಂಡಕ್ಕೆ ಆಳು ಕಡಿಮೆಯೆಂದು ಮುಳಬಾಗಿಲಿಗೆ ಬಸ್ಸು ಹತ್ತಿ ಒಣಗಿದ ಕೆರೆಯಂಗಳದ ಗಟ್ಟಿ ನೆಲದ ಮೇಲೆ 4 ಓವರ್.

ಒಂದೊಂದೇ ದಿನವನ್ನು ನೋಡಿದರೆ ಎಲ್ಲವೂ ಸರಿಯಾಗಿಯೇ ಇದೆ. ಕೋಚ್‌ಗೆ ನೆಟ್ ಗೊತ್ತು, ಪಿ.ಟಿ. ಮೇಷ್ಟ್ರಿಗೆ ಶನಿವಾರ ಗೊತ್ತು, ಗೆಳೆಯರಿಗೆ ಸೋಮವಾರ ಗೊತ್ತು. ಆದರೆ ಕೂಡಿ ನೋಡಿ. ಒಟ್ಟು 240 ಎಸೆತ, ಅಂದರೆ 40 ಓವರ್. ಐದು ದಿನ ಎಸೆದಿದ್ದಾನೆ, ಅದರಲ್ಲಿ ಮೂರು ದಿನ ಸತತ. ಎಸೆತಕ್ಕೆ 250 ಕೆ.ಜಿ.ಯಂತೆ ವಾರಕ್ಕೆ 60 ಟನ್; 4,000 ಟೊಮೆಟೊ ಬಾಕ್ಸು! ಮಂಡಿಯಲ್ಲಿ ಒಂದು ಬಾಕ್ಸು ಹೆಚ್ಚುಕಡಿಮೆಯಾದರೂ ಬಿಡದ ಅಪ್ಪನಿಗೆ ಮಗನ ಈ ಲೆಕ್ಕ ಗೊತ್ತಿಲ್ಲ.

ತಂದೆತಾಯಿಗಳು ಮಾಡಬೇಕಾದದ್ದು

ಒಂದು ನೋಟ್‌ಬುಕ್ ಸಾಕು. ದಿನ, ಊರು, ಎಸೆದ ಚೆಂಡು, ನೋವು ಇದೆಯೇ ಇಲ್ಲವೇ ಎಂಬ ನಾಲ್ಕು ಕಾಲಂ. ಹುಡುಗನೇ ಬರೆಯಲಿ, ವಾರಕ್ಕೊಮ್ಮೆ ದೊಡ್ಡವರು ಕೂಡಲಿ. ನೆಟ್‌ನ ಚೆಂಡು, ಟೆನಿಸ್ ಚೆಂಡು, ಬೀದಿಯ ಆಟ ಎಲ್ಲವೂ ಸೇರಲಿ. ಚೆಂಡು ಹಗುರವಾದರೂ ನೆಲಕ್ಕೆ ಕಾಲೂರುವ ದೇಹ ಅದೇ ತಾನೆ?

ಸೊಂಟದ ಒಂದೇ ಪಕ್ಕದ ನೋವು, ಹಿಂದಕ್ಕೆ ಬಾಗಿದಾಗ ಹೆಚ್ಚಾಗುವ ನೋವು, ಎಸೆದಾಗ ಬಂದು ವಿಶ್ರಾಂತಿಯಲ್ಲಿ ಇಳಿಯುವ ನೋವು ಕಂಡರೆ ಬೌಲಿಂಗ್ ನಿಲ್ಲಿಸಬೇಕು. ಎಣ್ಣೆ ಹಚ್ಚಿ, ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸಿ ಆಡಲು ಕಳಿಸುವುದೆಂದರೆ ಬೆಂಕಿಯ ಗಂಟೆಯನ್ನು ಬಟ್ಟೆ ಸುತ್ತಿ ಮುಚ್ಚಿದ ಹಾಗೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅವರು ಹೇಳಿದರೆ ಕೋಲಾರದ ಜಿಲ್ಲಾ ಆಸ್ಪತ್ರೆಯ ಮೂಳೆ ತಜ್ಞರನ್ನು ಕಾಣಬೇಕು. ಆರಂಭದ ಬಿರುಕು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಆದ್ದರಿಂದ 'ಎಕ್ಸ್‌ರೇ ಸರಿಯಿದೆ, ಆಡು' ಎಂದು ಅವಸರಪಡುವುದು ಬೇಡ. ಬೇಗ ತಿಳಿದರೆ ಕೆಲವು ತಿಂಗಳ ವಿಶ್ರಾಂತಿಯಲ್ಲಿ ಮೂಳೆ ಕೂಡಿಕೊಳ್ಳುತ್ತದೆ. ಇನ್ನು ಊಟದ ವಿಷಯ. ಕೋಲಾರ ಸೀಮೆಯವರಿಗೆ ಅದನ್ನು ಹೇಳಿಕೊಡಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬೇರೆ ಯಾವ ಸಾಮಾನ್ಯ ಧಾನ್ಯದಲ್ಲೂ ಅಷ್ಟಿಲ್ಲ. ಮುದ್ದೆ ನಾಚಿಕೆಪಡುವ ಊಟವಲ್ಲ.

ವಿಶ್ರಾಂತಿಯ ತಿಂಗಳುಗಳಲ್ಲಿ ಹುಡುಗನಿಗೆ ಬಹಳ ಕಷ್ಟವಾಗುವುದು ನೋವಿಗಿಂತ ಹೆಚ್ಚಾಗಿ ಜನರ ಮಾತಿನಿಂದ. ತನ್ನ ಜಾಗಕ್ಕೆ ಬೇರೆಯವನು ಬಂದ, ಇನ್ನು ತನ್ನನ್ನು ಕರೆಯುವುದಿಲ್ಲ ಎಂಬ ಭಯದಿಂದಲೇ ಎಷ್ಟೋ ಮಕ್ಕಳು ನೋವನ್ನು ಮುಚ್ಚಿಡುತ್ತಾರೆ. ಟೀ ಅಂಗಡಿಯಲ್ಲಿ 'ಕಥೆ ಮುಗೀತು' ಎನ್ನುವ ಅಪ್ಪನ ಎದುರು ಮಗ ಹೇಗೆ ತಾನೆ ಬಾಯಿ ಬಿಟ್ಟಾನು? ದೊಡ್ಡ ಬೌಲರ್‌ಗಳ ಬಗ್ಗೆ ನಾವು ಆಡುವ ಮಾತನ್ನು ನಮ್ಮ ಮನೆಯ ಚಿಕ್ಕ ಬೌಲರ್ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿರುತ್ತಾನೆ ಎಂಬುದು ನೆನಪಿರಲಿ.

ನಾಳೆ ಹರಾಜು ಮುಗಿದ ಮೇಲೆ ಮಂಡಿಯ ಲೆಕ್ಕದ ಪುಸ್ತಕ ಮುಚ್ಚಿ ಮನೆಗೆ ಹೋಗುವ ಅಪ್ಪ, ಮಗನನ್ನು 'ಇವತ್ತು ಎಷ್ಟು ವಿಕೆಟ್?' ಎಂದು ಕೇಳುವ ಮೊದಲು 'ಎಷ್ಟು ಚೆಂಡು ಹಾಕ್ದೆ? ಎಲ್ಲಾದ್ರೂ ನೋಯ್ತದಾ ಮಗಾ?' ಎಂದು ಕೇಳಲಿ. ಹುಡುಗ ನಿಜ ಹೇಳುತ್ತಾನೆ.