ಬಾಸ್ಟನ್ ಲ್ಯಾಟಿನ್ ಶಾಲೆ: ಒಂದು ವರ್ಷದ ಓದು, ಇನ್ನೂರು ವರ್ಷದ ಸಾಲನಿಧಿ

ಅಮೆರಿಕದ ಬಂದರು ನಗರವಾದ ಬಾಸ್ಟನ್ನಿನ ಹಳೆಯ ಪೇಟೆಯಲ್ಲಿ ಸ್ಕೂಲ್ ಸ್ಟ್ರೀಟ್ ಎಂಬ ಚಿಕ್ಕ ಬೀದಿಯಿದೆ. ಒಂದು ಕಾಲದಲ್ಲಿ ಅಲ್ಲಿದ್ದ ಸಾರ್ವಜನಿಕ ಶಾಲೆಯೇ ಆ ಹೆಸರಿಗೆ ಮೂಲ. 1635ರ ಏಪ್ರಿಲ್ 23ರಂದು ಸ್ಥಾಪನೆಗೊಂಡ ಬಾಸ್ಟನ್ ಲ್ಯಾಟಿನ್ ಶಾಲೆಯು ಆ ದೇಶದ ಅತ್ಯಂತ ಪುರಾತನ ಸಾರ್ವಜನಿಕ ಶಾಲೆಯಾಗಿದೆ. ವಿಶ್ವವಿಖ್ಯಾತ ಹಾರ್ವರ್ಡ್ ಸ್ಥಾಪನೆಯಾದದ್ದು ಇದರ ಮರುವರ್ಷ. 1972ರವರೆಗೆ ಕೇವಲ ಬಾಲಕರಿಗೆ ಮೀಸಲಾಗಿದ್ದ ಈ ಪ್ರೌಢಶಾಲೆ ಇಂದು ನಗರದ ಬೇರೊಂದು ಭಾಗದಲ್ಲಿ ನಡೆಯುತ್ತಿದೆ.

1776ರ ಅಮೆರಿಕ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 56 ಮಂದಿಯಲ್ಲಿ ಐವರು ಇಲ್ಲಿ ಓದಿದವರು. ಚಿಕ್ಕಪ್ಪನಿಂದ ಬಂದ ದೊಡ್ಡ ವ್ಯಾಪಾರವನ್ನು ನಡೆಸಿದ ವರ್ತಕ ಜಾನ್ ಹ್ಯಾನ್‌ಕಾಕ್ ಅವರಲ್ಲೊಬ್ಬರು. ಸಂಗೀತ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್ ಇಲ್ಲಿನ 1935ರ ತಂಡದವರು. ಆದರೆ ವ್ಯಾಪಾರಿಗಳೂ ಸಣ್ಣ ಉದ್ಯಮಿಗಳೂ ವಿಶೇಷವಾಗಿ ಗಮನಿಸಬೇಕಾದವರು, ಇಲ್ಲಿ ಒಂದು ವರ್ಷವೂ ಪೂರ್ಣವಾಗಿ ಓದಲಾಗದ ಬೆಂಜಮಿನ್ ಫ್ರಾಂಕ್ಲಿನ್.

ಅರ್ಧಕ್ಕೆ ನಿಂತ ಓದು

ಫ್ರಾಂಕ್ಲಿನ್ನರ ತಂದೆ ಸಾಬೂನು ಮತ್ತು ಮೋಂಬತ್ತಿ ತಯಾರಿಸುವ ಕಸುಬಿನವರು. ಅವರಿಗೆ 17 ಮಂದಿ ಮಕ್ಕಳು. ಎಂಟನೆಯ ವಯಸ್ಸಿನಲ್ಲಿ ಶಾಲೆಗೆ ಸೇರಿದ ಬಾಲಕನು ತರಗತಿಯಲ್ಲಿ ಮುಂಚೂಣಿಗೆ ಬಂದನಾದರೂ, ಮುಂದೆ ಕಾಲೇಜಿನ ವೆಚ್ಚವನ್ನು ಭರಿಸುವುದು ಸಾಧ್ಯವಾಗದೆಂದು ತಂದೆ ಅವನನ್ನು ಬಿಡಿಸಿದರು. ಹತ್ತನೆಯ ವಯಸ್ಸಿಗೆ ತಂದೆಯ ಅಂಗಡಿಯಲ್ಲಿ ದುಡಿಮೆ. ಹನ್ನೆರಡಕ್ಕೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯುವ ಹುಡುಗ. ಮುಂದೆ ಫಿಲಡೆಲ್ಫಿಯಾದಲ್ಲಿ ಸ್ವಂತ ಮುದ್ರಣಾಲಯವನ್ನು ಉಳಿಸಿಕೊಳ್ಳಲು ಸಕಾಲದಲ್ಲಿ ನೆರವಾದದ್ದು ಇಬ್ಬರು ಸ್ನೇಹಿತರು ಕೊಟ್ಟ ಸಾಲ.

ಈ ಎರಡು ಋಣಗಳನ್ನೂ ಫ್ರಾಂಕ್ಲಿನ್ ಮರೆಯಲಿಲ್ಲ. 1790ರಲ್ಲಿ ನಿಧನರಾದಾಗ ಅವರ ಉಯಿಲಿನಲ್ಲಿ ಬಾಸ್ಟನ್ನಿನ ಉಚಿತ ಶಾಲೆಗಳ ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಬೆಳ್ಳಿಯ ಪದಕ ನೀಡಲು 100 ಪೌಂಡ್ ಮೀಸಲಾಗಿತ್ತು. 1789ರಲ್ಲಿ ಉಯಿಲಿಗೆ ಸೇರಿಸಿದ ಅನುಬಂಧದಂತೆ ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ 1,000 ಪೌಂಡ್ ದೊರೆಯಿತು.

ಸಾಲನಿಧಿಯ ಷರತ್ತುಗಳು

ಆ ಹಣವನ್ನು ಕಸುಬು ಕಲಿತು ಮುಗಿಸಿದ, 25 ವರ್ಷದೊಳಗಿನ ವಿವಾಹಿತ ಕುಶಲಕರ್ಮಿಗಳಿಗೆ ಸಾಲವಾಗಿ ನೀಡಬೇಕಿತ್ತು. ಮೊತ್ತ 15ರಿಂದ 60 ಪೌಂಡ್, ಬಡ್ಡಿ ಶೇ. 5, ಇಬ್ಬರು ಜಾಮೀನುದಾರರು, ಪ್ರತಿವರ್ಷ ಬಡ್ಡಿಯ ಜೊತೆಗೆ ಅಸಲಿನ ಹತ್ತನೆಯ ಒಂದು ಭಾಗದ ಮರುಪಾವತಿ. ಹಿಂದಿರುಗಿದ ಹಣ ಮತ್ತೆ ಹೊಸಬರಿಗೆ. ಹೀಗೆ 200 ವರ್ಷ ನಡೆಯಬೇಕೆಂಬುದು ಅವರ ಆಶಯ.

ಲೆಕ್ಕ ಅವರೆಣಿಸಿದಂತೆ ಪೂರ್ತಿಯಾಗಿ ಕೈಗೂಡಲಿಲ್ಲ. ಕಾರ್ಖಾನೆಗಳು ಬೆಳೆದಂತೆ ಹಳೆಯ ಕಸುಬು ಕಲಿಕೆಯ ಪದ್ಧತಿ ಕ್ಷೀಣಿಸಿತು. ಷರತ್ತಿಗೆ ಹೊಂದುವ ಸಾಲಗಾರರು ವಿರಳರಾದರು. ಆದರೂ ಹಣ ವ್ಯರ್ಥವಾಗಲಿಲ್ಲ. ಮೊದಲ ಶತಮಾನದ ಬಾಸ್ಟನ್ ನಿಧಿಗೆ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಸರಿಸಮಾನ ಮೊತ್ತವನ್ನು ಕೂಡಿಸಿದ್ದರಿಂದ 1908ರಲ್ಲಿ ತಾಂತ್ರಿಕ ಶಿಕ್ಷಣ ಸಂಸ್ಥೆಯೊಂದು ತೆರೆಯಿತು. ಅದು ಇಂದಿಗೂ ನಡೆಯುತ್ತಿದೆ. 1990ರ ದಶಕದ ಆರಂಭದಲ್ಲಿ ಅವಧಿ ಮುಗಿದಾಗ ಬಾಸ್ಟನ್ ನಿಧಿಯಲ್ಲಿ ಸುಮಾರು 50 ಲಕ್ಷ ಡಾಲರ್ ಉಳಿದಿತ್ತು.

ಶುಲ್ಕವಿಲ್ಲದ ಶಾಲೆ ಬಾಗಿಲು ತೆರೆದರೂ, ಮುಂದಿನ ಮೆಟ್ಟಿಲಿಗೆ ಬಂಡವಾಳವಿಲ್ಲದೆ ಬಡವರ ಮಕ್ಕಳು ಹಿಂದಿರುಗುತ್ತಾರೆ ಎಂಬ ಸತ್ಯವನ್ನು ಫ್ರಾಂಕ್ಲಿನ್ ಸ್ವಂತ ಅನುಭವದಿಂದ ಬಲ್ಲವರಾಗಿದ್ದರು. ಅವರು ದಾನ ಕೊಡಲಿಲ್ಲ. ಮರಳಿ ಬರುವ ಸಾಲ ಕೊಟ್ಟರು. ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿ ಇಂದು ಅಂಗಡಿ, ಗಿರಣಿ, ಕಾರ್ಖಾನೆಗಳನ್ನು ನಡೆಸುತ್ತಿರುವ ಉದ್ಯಮಿಗಳು ನಮ್ಮಲ್ಲೂ ಅನೇಕರಿದ್ದಾರೆ. ಹಳೆಯ ಶಾಲೆಗೆ ಒಂದು ಕೊಠಡಿ ಕಟ್ಟಿಸಿಕೊಡುವುದು ಶ್ಲಾಘನೀಯ. ಅದೇ ಶಾಲೆಯಿಂದ ಹೊರಬರುವ ಹುಡುಗ ಹುಡುಗಿಯರ ಮೊದಲ ಯಂತ್ರಕ್ಕೆ, ಮೊದಲ ಸರಕಿಗೆ ಸುಲಭ ಕಂತಿನ ಸಾಲ ಒದಗಿಸಿದರೆ, ಆ ಋಣಸಂದಾಯ ಹಲವು ತಲೆಮಾರುಗಳವರೆಗೆ ಫಲ ನೀಡಬಲ್ಲದು.