ಹಳೆಯ ಮಡಚುವ ಚಾಕುವಿಗೂ ಒಂದು ಜಾತಕವಿದೆ
ಬಿಬಿಡಿ ಬಾಗ್‌ನ ಚರಿತ್ರೆಯೊಂದಿಗೆ ಬೆಸೆದ ಪುಟ್ಟ ವಸ್ತುವಿನ ವರ್ಷ ಪತ್ತೆ ಹೇಗೆ?

ಕೋಲ್ಕತ್ತಾ: ಅಜ್ಜನ ಪೆಟ್ಟಿಗೆಯ ತಳದಲ್ಲಿ ತುಕ್ಕು ಹಿಡಿದ ಮಡಚುವ ಚಾಕುವೊಂದು ಸಿಕ್ಕರೆ ಹೆಚ್ಚಿನ ಮನೆಗಳಲ್ಲಿ ಅದು ಗುಜರಿಯವನ ಪಾಲಾಗುತ್ತದೆ. ಇಲ್ಲವೇ ಸಾಣೆ ಹಿಡಿಸಿ ಅಡುಗೆಮನೆ ಸೇರುತ್ತದೆ. ಆದರೆ ಅದರ ಅಲಗಿನ ಬುಡದಲ್ಲಿ ಅಡಗಿರುವ ನಾಲ್ಕಾರು ಅಕ್ಷರಗಳು ಒಂದು ಕುಟುಂಬದ ಮರೆತ ಅಧ್ಯಾಯವನ್ನೇ ತೆರೆಯಬಲ್ಲವು ಎಂಬುದು ಗಮನಾರ್ಹ.

ಇಂತಹ ವಸ್ತುಗಳ ಕಥೆಗೆ ಕೋಲ್ಕತ್ತಾದ ಬಿಬಿಡಿ ಬಾಗ್ ಪರಿಸರದ ನಂಟು ದೊಡ್ಡದು. ಬ್ರಿಟಿಷರ ಕಾಲದಲ್ಲಿ ಡಾಲ್‌ಹೌಸಿ ಸ್ಕ್ವೇರ್ ಎನಿಸಿದ್ದ ಈ ಚೌಕಕ್ಕೆ, 1930ರ ಡಿಸೆಂಬರ್ 8ರಂದು ರೈಟರ್ಸ್ ಬಿಲ್ಡಿಂಗ್‌ಗೆ ನುಗ್ಗಿದ ಕ್ರಾಂತಿಕಾರಿಗಳಾದ ಬಿನಯ್, ಬಾದಲ್, ದಿನೇಶ್ ಅವರ ಹೆಸರನ್ನು ಸ್ವಾತಂತ್ರ್ಯಾನಂತರ ಇಡಲಾಯಿತು. ಲಾಲ್ ದಿಘಿ ಕೆರೆಯ ಸುತ್ತಮುತ್ತಲ ಬೀದಿಗಳಲ್ಲಿ ಮ್ಯಾಂಟನ್, ರೊಡ್ಡಾ ಮುಂತಾದ ಆಯುಧ ವ್ಯಾಪಾರಿಗಳ ಮಳಿಗೆಗಳಿದ್ದವು. 1914ರ ಆಗಸ್ಟ್ 26ರಂದು ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲುಗಳನ್ನೂ ಸುಮಾರು 46,000 ಗುಂಡುಗಳನ್ನೂ ಅಪಹರಿಸಿದ್ದು ಇದೇ ರೊಡ್ಡಾ ಕಂಪನಿಗೆ ಬಂದ ಸರಕಿನಿಂದ.

ಆ ಕಾಲದ ಚಾಕುಗಳಲ್ಲಿ ಹೆಸರಾದದ್ದು ಇಂಗ್ಲೆಂಡಿನ ಶೆಫೀಲ್ಡ್ ನಗರದ್ದು. ಅಲ್ಲಿನ ಜೋಸೆಫ್ ರಾಜರ್ಸ್ ಸಂಸ್ಥೆಯ ಗುರುತು ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ. 1822ರಲ್ಲಿ 1,822 ಅಲಗುಗಳ ಚಾಕುವೊಂದನ್ನು ಮಾಡಿ, ಮುಂದೆ ವರ್ಷಕ್ಕೊಂದರಂತೆ ಅಲಗು ಸೇರಿಸಿದ ಖ್ಯಾತಿ ಈ ಸಂಸ್ಥೆಯದು.

ಚಾಕುವಿನ ಕಾಲ ತಿಳಿಯಲು ಮೊದಲು ನೋಡಬೇಕಾದದ್ದು ಅಲಗು ಹಿಡಿಯನ್ನು ಸೇರುವ ಚಪ್ಪಟೆ ಜಾಗವನ್ನು. ಅಲ್ಲಿ ಕಿರೀಟದ ಎರಡೂ ಬದಿಗೆ 'ವಿ ಆರ್' ಇದ್ದರೆ ಅದು 1901ರವರೆಗೆ ಆಳಿದ ವಿಕ್ಟೋರಿಯಾ ರಾಣಿಯ ಕಾಲದ ಗುರುತು. 'ಜಿ ಆರ್' ಎಂದಿದ್ದರೆ ಸಾಮಾನ್ಯವಾಗಿ 1910ರ ನಂತರದ ಜಾರ್ಜ್ ದೊರೆಗಳದ್ದು. 'ಇ ಆರ್' ಮಾತ್ರ ಗೊಂದಲಕಾರಿ. ಅದು 1901ರಿಂದ 1910ರವರೆಗಿನ ಎಡ್ವರ್ಡ್ ದೊರೆಯದ್ದೂ ಆಗಬಹುದು, 1952ರ ನಂತರದ ಎಲಿಜಬೆತ್ ರಾಣಿಯದ್ದೂ ಆಗಬಹುದು. ಇಲ್ಲಿ ಉಕ್ಕು ನೆರವಿಗೆ ಬರುತ್ತದೆ. ಶೆಫೀಲ್ಡ್‌ನ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ರೂಪಿಸಿದ್ದು 1913ರಲ್ಲಿ. ಆದ್ದರಿಂದ 'ಇ ಆರ್' ಜೊತೆ 'ಸ್ಟೇನ್‌ಲೆಸ್' ಎಂದಿರುವ ಚಾಕು ಎಡ್ವರ್ಡ್ ದೊರೆಯ ಆ ಕಾಲದ್ದಾಗಿರಲು ಸಾಧ್ಯವಿಲ್ಲ. ಆದರೂ ಹಳೆಯ ಅಚ್ಚನ್ನೇ ಮುಂದುವರಿಸುವುದು, ನಕಲು ಮಾಡುವುದು ಎರಡೂ ಇದ್ದುದರಿಂದ ಒಂದೇ ಗುರುತನ್ನು ನಂಬಿ ತೀರ್ಮಾನಿಸುವುದು ಸಲ್ಲದು.

ಸೈನಿಕರ ಚಾಕುವಿನ ವಿಷಯ ಬೇರೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಣರಂಗಕ್ಕೆ ಕೋಲ್ಕತ್ತಾ ಪ್ರಮುಖ ನೆಲೆಯಾಗಿತ್ತು. ಆಗ ಬ್ರಿಟಿಷ್ ಸೈನಿಕರಿಗೆ ಕೊಡುತ್ತಿದ್ದ ಮಡಚುವ ಚಾಕುಗಳಲ್ಲಿ ಗೀರುಗೀರಾದ ಕಪ್ಪು ಹಿಡಿ, ಡಬ್ಬಿ ತೆರೆಯುವ ಕೊಕ್ಕೆ, ಹಲವದರಲ್ಲಿ ಹಗ್ಗದ ಗಂಟು ಬಿಡಿಸುವ ದಬ್ಬಳ ಇರುತ್ತಿದ್ದವು. ತಯಾರಕರ ಹೆಸರು ಮತ್ತು '1943' ಎಂಬಂತೆ ವರ್ಷವನ್ನೂ ಅವುಗಳಲ್ಲಿ ಒತ್ತಿರುವುದುಂಟು. ಜೊತೆಗೆ ಬಾಣದ ತುದಿಯಂತಹ ಗುರುತಿದ್ದರೆ ಅದು ಸರಕಾರಿ ಸೊತ್ತು ಎಂದರ್ಥ. ಬಾಣದ ಕೆಳಗೆ 'ಐ' ಅಕ್ಷರವಿದ್ದರೆ ಭಾರತೀಯ ಸೇನೆಯದ್ದು. ಎರಡು ಬಾಣಗಳು ತುದಿಗೆ ತುದಿ ತಾಗಿಸಿ ನಿಂತಿದ್ದರೆ ಸೇನೆಯಿಂದ ವಿಲೇವಾರಿಯಾಗಿ ಹೊರಬಂದ ಮಾಲು.

ಅಂದರೆ ಅಜ್ಜ ಯುದ್ಧದಿಂದ ತಂದದ್ದೆಂದು ನಂಬಿದ ಚಾಕು ಸಂತೆಯಲ್ಲಿ ಕೊಂಡದ್ದೂ ಆಗಿರಬಹುದು. ಒತ್ತಿದ ವರ್ಷ ತಯಾರಿಯದ್ದೇ ಹೊರತು ಬಳಸಿದ್ದಲ್ಲ. ಹೀಗಾಗಿ ಸೇವಾ ಪುಸ್ತಕ, ಪಿಂಚಣಿ ಕಾಗದ, ಹಳೆಯ ಪತ್ರಗಳೊಂದಿಗೆ ತಾಳೆ ನೋಡುವುದೇ ಸರಿಯಾದ ಕ್ರಮ. ಕೊಡಗು, ಬೆಂಗಳೂರು, ಕರಾವಳಿಯ ಸೈನಿಕ ಕುಟುಂಬಗಳಿಗೂ ಇದು ಅನ್ವಯ.

ಜಾಗ್ರತೆ ವಹಿಸಬೇಕಾದ ಸಂಗತಿಗಳೂ ಇವೆ. ಸಾಣೆ ಹಿಡಿಸಿದರೆ ಅಥವಾ ಉಪ್ಪುಕಾಗದ ಉಜ್ಜಿದರೆ ಒತ್ತಕ್ಷರ ಅಳಿದುಹೋಗುತ್ತದೆ, ಮತ್ತೆ ಬಾರದು. ಒಂದು ಹನಿ ತೆಳು ಎಣ್ಣೆ, ಮೆತ್ತನೆಯ ಬಟ್ಟೆ ಸಾಕು. ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದರೆ ಮಸುಕಾದ ಅಕ್ಷರವೂ ಕಾಣುತ್ತದೆ. ವಿಮಾನದಲ್ಲಿ ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲೇ ಚಾಕುವನ್ನು ಕಳೆದುಕೊಳ್ಳಬೇಕಾಗುತ್ತದೆ. ವಿದೇಶದಲ್ಲಿರುವ ಮಕ್ಕಳಿಗೆ ಕಳುಹಿಸುವವರು, ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾತನ ವಸ್ತು ಕಾಯಿದೆ ಅನ್ವಯಿಸಬಹುದಾದ್ದರಿಂದ ಮೊದಲೇ ಪುರಾತತ್ವ ಇಲಾಖೆಯಲ್ಲಿ ವಿಚಾರಿಸುವುದು ಕ್ಷೇಮ.

ಊರು ಬಿಟ್ಟು ಬಂದ ಹೊರನಾಡ ಕನ್ನಡಿಗರು ಹಿರಿಯರ ಸೊತ್ತಾಗಿ ತಂದದ್ದು ಕಡಿಮೆ, ಉಳಿಸಿಕೊಂಡದ್ದು ಇನ್ನೂ ಕಡಿಮೆ. ಚಾಕುವಿನ ಜೊತೆ ಅದು ಯಾರದ್ದು, ಎಲ್ಲಿಂದ ಬಂತು ಎಂಬ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆದಿಟ್ಟರೆ ಅದು ಮುಂದಿನ ಪೀಳಿಗೆಗೆ ದಾಖಲೆಯಾದೀತು. ಹೇಳಬಲ್ಲ ಹಿರಿಯರು ಜೊತೆಗಿರುವಾಗಲೇ ಈ ಕೆಲಸ ಆಗಬೇಕಿದೆ.