ಆಜ್ಞೆಗೂ ಬೇಕು ವಿಭಕ್ತಿ

"ನಡುವಟ್ಟದಿಂದ ಗೂಡಲೂರಿಗೆ" ಎಂದರೂ "ಗೂಡಲೂರಿಗೆ ನಡುವಟ್ಟದಿಂದ" ಎಂದರೂ ಬಸ್ಸಿನ ದಾರಿ ಬದಲಾಗದು. ವಿಭಕ್ತಿ ಪ್ರತ್ಯಯಗಳು ಅರ್ಥವನ್ನು ಕಾಯುತ್ತವೆ. ಗಣಕಯಂತ್ರಕ್ಕೆ ಆಜ್ಞೆಗಳನ್ನು ರೂಪಿಸುವವರಿಗೂ ಇದೇ ವಿಚಾರ ಎದುರಾಗುತ್ತದೆ.

ಲಿನಕ್ಸ್ ಯಂತ್ರದ ಕೆಲಸದ ಹೊರೆಯನ್ನು ಅಳೆಯಲು 'ವಿಎಂಸ್ಟ್ಯಾಟ್' ಎಂಬ ಆಜ್ಞೆಯಿದೆ. 'ವಿಎಂಸ್ಟ್ಯಾಟ್ 5 10' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸಿದರೆ 5 ಸೆಕೆಂಡಿಗೊಮ್ಮೆಯಂತೆ 10 ವರದಿಗಳು ಬರುತ್ತವೆ. (ಮೊದಲನೆಯದು ಮಾತ್ರ ಯಂತ್ರ ಚಾಲೂ ಆದಂದಿನಿಂದಿನ ಸರಾಸರಿ.) ಅಂಕಿಗಳು ಅದಲುಬದಲಾದರೆ 10 ಸೆಕೆಂಡಿಗೊಮ್ಮೆ 5 ವರದಿ! ಯಂತ್ರ ತಪ್ಪೆಂದು ಹೇಳುವುದಿಲ್ಲ. ಕ್ಷಣಕಾಲ ಏರಿದ ಹೊರೆ ದೀರ್ಘ ಸರಾಸರಿಯಲ್ಲಿ ಕರಗಿಹೋದೀತು.

'ಟಾಪ್ -ಡಿ 5 -ಎನ್ 10' ಎಂಬಲ್ಲಿ ಈ ತೊಡಕಿಲ್ಲ. 'ಡಿ' ಅಂತರಕ್ಕೆ, 'ಎನ್' ಎಣಿಕೆಗೆ. ಹಿಂದುಮುಂದಾದರೂ ಅರ್ಥ ಅದೇ. ಬರೆಯುವ ಶ್ರಮ ತುಸು ಹೆಚ್ಚು, ನಿಜ. ಆದರೂ ನನ್ನ ಮತ ಇದಕ್ಕೇ. ಪದದ ಕೊನೆಗೆ ಹತ್ತುವ ಪ್ರತ್ಯಯ ಇಲ್ಲಿ ಅಂಕಿಗೆ ಮೊದಲೇ ನಿಂತಿದೆ, ಅಷ್ಟೆ.